ಪೊಲೀಸ್ ಗಾಡಿಗೆ ದೀಪ, ಸೈರನ್ ಹಾಕೋದು ಹೇಗೆ? ಯಾತಕ್ಕೆ?

(ವಿಜ್ಞಾನ ಲೇಖನ)



ಪೊಲೀಸ್ ಗಾಡಿಯ ಮೇಲೆ ಕೆಂಪು, ನೀಲಿ ದೀಪ ಮಿನುಗೋದನ್ನು ನಾವೆಲ್ಲರೂ ನೋಡಿದ್ದೇವೆ. "ಊಂ... ಊಂ..." ಅಂತ ಅದು ಕೂಗೋದನ್ನೂ ಕೇಳಿದ್ದೇವೆ. ಆದರೆ ಆ ದೀಪಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ? ನೀಲಿ ಬಣ್ಣವೇ ಯಾಕೆ? ಆ ಕೂಗು ಎಷ್ಟು ದೂರ ಕೇಳುತ್ತೆ? ಯಾರು ಬೇಕಾದರೂ ತಮ್ಮ ಗಾಡಿಗೆ ಅದನ್ನು ಹಾಕಿಸಿಕೊಳ್ಳಬಹುದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ನಮ್ಮ ಸೋದರಮಾವ ಕೋಲಾರದಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಾರೆ. ಅಂದರೆ ಲಾರಿ, ಕಾರು, ಟ್ರ್ಯಾಕ್ಟರುಗಳ ವೈರಿಂಗ್ ಕೆಲಸ. ದಸರಾ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಒಂದು ಪೊಲೀಸ್ ಪಿಕಪ್ ಗಾಡಿಗೆ ದೀಪ, ಸೈರನ್ ಹಾಕುವ ಕೆಲಸ ಎರಡು ದಿನ ನಡೆಯಿತು. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ನೋಡಿದೆ. ನೋಡಿದ್ದನ್ನೂ, ಆಮೇಲೆ ವಿಜ್ಞಾನದ ಪುಸ್ತಕಗಳಲ್ಲಿ ಓದಿ ತಿಳಿದದ್ದನ್ನೂ ಸೇರಿಸಿ ಬರೆದಿದ್ದೇನೆ.

ಈ ಗಾಡಿಗಳು ಓಡುವ ರಸ್ತೆಗಳು

ನಮ್ಮದು ಒಂದೇ ಜಿಲ್ಲೆಯಾದರೂ ಪೊಲೀಸರ ಲೆಕ್ಕದಲ್ಲಿ ಎರಡು. ಬಂಗಾರಪೇಟೆ, ಕೆಜಿಎಫ್ ಕಡೆಯ ಠಾಣೆಗಳು ಕೆಜಿಎಫ್ ಪೊಲೀಸ್ ಜಿಲ್ಲೆಗೆ ಸೇರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳು ಕೋಲಾರ ಪೊಲೀಸ್ ಜಿಲ್ಲೆಗೆ ಸೇರುತ್ತವೆ. ನಾಲ್ಕೂ ಕಡೆ ರಸ್ತೆ ಒಂದೇ ಥರ ಇಲ್ಲ. ಮುಳಬಾಗಿಲಿನ ಮೇಲೆ 75ನೇ ರಾಷ್ಟ್ರೀಯ ಹೆದ್ದಾರಿ ಹೋಗುತ್ತೆ. ಹಿಂದೆ ಇದಕ್ಕೆ 4ನೇ ನಂಬರ್ ಇತ್ತು, ಹಿರಿಯರು ಈಗಲೂ ಮದ್ರಾಸ್ ರೋಡ್ ಅಂತಾರೆ. ಅಲ್ಲಿ ಗಾಡಿಗಳ ವೇಗ ಜಾಸ್ತಿ. ಕೋಲಾರದ ಎಪಿಎಂಸಿ ಹತ್ತಿರ ಟೊಮೆಟೊ ತುಂಬಿದ ಲಾರಿಗಳ ಸಾಲು. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿನ ಲಾರಿಗಳು, ಕಾರ್ಖಾನೆ ಬಸ್ಸುಗಳು. ಶ್ರೀನಿವಾಸಪುರದಲ್ಲಿ ಮಾವಿನ ಕಾಲ ಬಂತೆಂದರೆ ಟ್ರ್ಯಾಕ್ಟರು, ಟೆಂಪೊ ಬಿಟ್ಟು ರಸ್ತೆಯೇ ಕಾಣೋದಿಲ್ಲ.

ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿ.ಮೀ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 30 ನಿಮಿಷ ಬೇಕು. ಅಲ್ಲಲ್ಲಿ ಸಿಕ್ಕಿಹಾಕಿಕೊಂಡು ಸರಾಸರಿ ವೇಗ 40 ಆದರೆ 45 ನಿಮಿಷ. ಅಪಘಾತದಲ್ಲಿ ರಕ್ತ ಸುರಿಯುತ್ತಿರುವ ಮನುಷ್ಯನಿಗೆ ಆ 15 ನಿಮಿಷ ಎಷ್ಟು ದೊಡ್ಡದು ಅಂತ ನಾನು ಹೇಳಬೇಕಾಗಿಲ್ಲ. ದೀಪ, ಸೈರನ್ ಇರೋದು ಈ 15 ನಿಮಿಷ ಉಳಿಸೋಕೆ. ಸೈರನ್ ಹಾಕಿದರೆ ಇಂಜಿನ್ನಿಗೆ ಹೊಸ ಬಲವೇನೂ ಬರೋದಿಲ್ಲ. ದಾರಿ ಬಿಡಬೇಕಾದವರು ನಾವು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

1. ಮೊದಲು ಕರೆಂಟಿನ ವಿಷಯ

ಪಿಕಪ್ ಗಾಡಿಯ ಬ್ಯಾಟರಿ 12 ವೋಲ್ಟಿನದು. ಇಂಜಿನ್ ಓಡುವಾಗ ಆಲ್ಟರ್ನೇಟರ್ ಎಂಬ ಯಂತ್ರ ಕರೆಂಟ್ ತಯಾರಿಸಿ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತೆ. ಸೈಕಲ್ಲಿನ ಡೈನಮೊಗೆ ಇದು ದೊಡ್ಡಣ್ಣ ಇದ್ದಂತೆ.

ನಮ್ಮ ಪಾಠದ ಸೂತ್ರ ನೆನಪಿದೆ ತಾನೆ? ವ್ಯಾಟ್ = ವೋಲ್ಟ್ × ಆಂಪಿಯರ್. ಸೈರನ್ 100 ವ್ಯಾಟಿನದಾದರೆ 100 ÷ 12, ಅಂದರೆ ಸುಮಾರು 8 ಆಂಪಿಯರ್ ಎಳೆಯುತ್ತೆ. ಮೇಲಿನ ದೀಪದ ಪಟ್ಟಿ 60 ವ್ಯಾಟಿನದಾದರೆ 5 ಆಂಪಿಯರ್. ಎರಡೂ ಸೇರಿ 13. ಬ್ಯಾಟರಿ 65 ಆಂಪಿಯರ್-ಗಂಟೆಯದು ಅಂತ ಇಟ್ಟುಕೊಳ್ಳಿ. ಇಂಜಿನ್ ಆಫ್ ಮಾಡಿ ಎರಡನ್ನೂ ಹಾಕಿಬಿಟ್ಟರೆ 65 ÷ 13 = 5 ಗಂಟೆಯಲ್ಲಿ ಬ್ಯಾಟರಿ ಖಾಲಿ. ಇದು ಕಾಗದದ ಲೆಕ್ಕ. ನಿಜವಾಗಿ ಅದಕ್ಕೂ ಬಹಳ ಮುಂಚೆಯೇ ಸೆಲ್ಫ್ ಹೊಡೆಯೋಕೆ ಬೇಕಾದ ಬಲ ಬ್ಯಾಟರಿಯಲ್ಲಿ ಉಳಿದಿರೋದಿಲ್ಲ. ಪೊಲೀಸ್ ಗಾಡಿಯನ್ನೇ ತಳ್ಳಿ ಸ್ಟಾರ್ಟ್ ಮಾಡಬೇಕಾಗುತ್ತೆ!

ಇಷ್ಟು ಕರೆಂಟನ್ನು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ನೇರವಾಗಿ ಹರಿಸುವಂತಿಲ್ಲ. ಸ್ವಿಚ್ ಸುಟ್ಟುಹೋಗುತ್ತೆ. ಅದಕ್ಕೇ ಮಧ್ಯೆ ರಿಲೇ ಹಾಕುತ್ತಾರೆ. ರಿಲೇ ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ. ಒಳಗೆ ತಾಮ್ರದ ತಂತಿ ಸುತ್ತಿದ ವಿದ್ಯುತ್ಕಾಂತ. ಸ್ವಿಚ್ ಒತ್ತಿದಾಗ ಸ್ವಲ್ಪವೇ ಕರೆಂಟ್ ಆ ಸುರುಳಿಗೆ ಹೋಗುತ್ತೆ. ಅದು ಅಯಸ್ಕಾಂತವಾಗಿ ಒಂದು ಪುಟ್ಟ ಕಬ್ಬಿಣದ ಪಟ್ಟಿಯನ್ನು "ಟಕ್" ಅಂತ ಎಳೆಯುತ್ತೆ. ಆಗ ದೊಡ್ಡ ಕರೆಂಟಿನ ದಾರಿ ಕೂಡಿಕೊಳ್ಳುತ್ತೆ. ತೋಟದ ಮನೆಯಲ್ಲಿ ಪಂಪ್‌ಸೆಟ್ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರೆ ದೊಡ್ಡ ಮೋಟಾರ್ ಓಡೋದಿಲ್ಲವೆ? ಅದೇ ತತ್ವ. ರಿಲೇಯ ಕಾಲುಗಳ ಮೇಲೆ 30, 85, 86, 87 ಎಂದು ನಂಬರ್ ಇರುತ್ತೆ. 30ಕ್ಕೆ ಬ್ಯಾಟರಿ ಕಡೆಯ ತಂತಿ, 87ಕ್ಕೆ ದೀಪ ಅಥವಾ ಸೈರನ್ನಿನ ತಂತಿ. 85, 86 ಸುರುಳಿಯ ಎರಡು ತುದಿಗಳು.

ಇನ್ನೊಂದು ಮುಖ್ಯ ಭಾಗ ಫ್ಯೂಸ್. ಎಲ್ಲಾದರೂ ತಂತಿ ಉಜ್ಜಿ ಬಾಡಿಗೆ ತಗುಲಿದರೆ ಒಮ್ಮೆಲೇ ಬಹಳ ಕರೆಂಟ್ ಹರಿದು ಬೆಂಕಿ ಹತ್ತಬಹುದು. ಫ್ಯೂಸ್ ತಾನು ಕರಗಿ ಗಾಡಿಯನ್ನು ಉಳಿಸುತ್ತೆ. ಗಾಡಿಯ ಫ್ಯೂಸುಗಳನ್ನು ಬಣ್ಣ ನೋಡಿಯೇ ಗುರುತಿಸಬಹುದು. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಮಾವ ದೀಪಕ್ಕೆ ಕೆಂಪು, ಸೈರನ್ನಿಗೆ ನೀಲಿ ಹಾಕಿದರು. ಎರಡನ್ನೂ ಬ್ಯಾಟರಿಗೆ ತೀರಾ ಹತ್ತಿರದಲ್ಲೇ ಇಟ್ಟರು. "ಅಷ್ಟು ಹತ್ರ ಯಾಕೆ ಮಾಮ?" ಅಂತ ಕೇಳಿದೆ. "ನೋಡಮ್ಮಾ, ಫ್ಯೂಸಿಗಿಂತ ಮುಂಚೇನೇ ತಂತಿ ತಗಲಿಬಿಟ್ರೆ ಫ್ಯೂಸ್ ಏನ್ ಮಾಡಕ್ಕಾಗುತ್ತೆ? ಕಾವಲುಗಾರ ಬಾಗಿಲಲ್ಲೇ ಇರಬೇಕು" ಅಂದರು.

ತಂತಿಯ ದಪ್ಪವೂ ಮುಖ್ಯ. ಎರಡು ಇಂಚು ನೀರು ಬರುವ ಬೋರ್‌ವೆಲ್ಲಿಗೆ ಅರ್ಧ ಇಂಚಿನ ಪೈಪು ಹಾಕಿದರೆ ಏನಾಗುತ್ತೆ? ಹಾಗೆಯೇ ಸಣ್ಣ ತಂತಿಯಲ್ಲಿ ಜಾಸ್ತಿ ಕರೆಂಟ್ ಹೋದರೆ ತಂತಿ ಬಿಸಿಯಾಗುತ್ತೆ, ದೀಪ ಮಂಕಾಗುತ್ತೆ. ತಗಡಿನ ತೂತಿನೊಳಗೆ ತಂತಿ ಹಾಯಿಸುವ ಕಡೆಯೆಲ್ಲ ರಬ್ಬರ್ ಬುಷ್ ಹಾಕಬೇಕು, ಇಲ್ಲವಾದರೆ ತಗಡಿನ ಅಂಚು ತಂತಿಯನ್ನು ಕೊಯ್ದುಬಿಡುತ್ತೆ. ಅರ್ತ್ ತಂತಿ ಬಿಗಿಯುವ ಜಾಗದಲ್ಲಿ ಬಣ್ಣ ಕೆರೆದು ಕಬ್ಬಿಣ ಕಾಣಿಸಬೇಕು, ಯಾಕೆಂದರೆ ಬಣ್ಣದ ಮೂಲಕ ಕರೆಂಟ್ ಹರಿಯೋದಿಲ್ಲ. ಎರಡು ದಿನದ ಕೆಲಸದಲ್ಲಿ ದೀಪ ಕೂರಿಸಿದ್ದು ಒಂದು ಗಂಟೆ. ಉಳಿದದ್ದೆಲ್ಲ ಈ ತಂತಿ, ಬುಷ್ಷು, ಬಿಗಿಯೋದರಲ್ಲೇ ಹೋಯಿತು.

2. ದೀಪದ ವಿಷಯ

ಹಳೆಯ ಕಾಲದ ಜೀಪುಗಳ ಮೇಲೆ ಒಂದು ಗುಂಡು ದೀಪ ತಿರುಗುತ್ತಿತ್ತು. ನಿಜವಾಗಿ ತಿರುಗುತ್ತಿದ್ದದ್ದು ದೀಪವಲ್ಲ! ಬಲ್ಬ್ ಮಧ್ಯದಲ್ಲಿ ಸುಮ್ಮನೆ ಉರಿಯುತ್ತಿತ್ತು. ಅದರ ಸುತ್ತ ಒಂದು ಬಾಗಿದ ಕನ್ನಡಿಯನ್ನು ಸಣ್ಣ ಮೋಟಾರ್ ತಿರುಗಿಸುತ್ತಿತ್ತು. ನಿಮ್ನದರ್ಪಣದ ನಾಭಿಯಲ್ಲಿ ಬೆಳಕನ್ನಿಟ್ಟರೆ ಕಿರಣಗಳು ಸಮಾನಾಂತರವಾಗಿ ಹೊರಡುತ್ತವೆ ಎಂದು ನಾವು ಓದಿದ್ದೇವಲ್ಲ, ಅದರ ಉಪಯೋಗ ಇದೇ. ಕನ್ನಡಿ ನಮ್ಮ ಕಡೆ ತಿರುಗಿದಾಗ ಫಳ್ ಅಂತ ಹೊಳೆಯುತ್ತೆ, ಆ ಕಡೆ ತಿರುಗಿದಾಗ ಮಂಕಾಗುತ್ತೆ.

ಈಗಿನವು ಎಲ್‌ಇಡಿ ಪಟ್ಟಿಗಳು. ತಿರುಗುವ ಭಾಗವೇ ಇಲ್ಲ. ಒಳಗಿನ ಎಲೆಕ್ಟ್ರಾನಿಕ್ ಸರ್ಕ್ಯೂಟ್ ದೀಪಗಳನ್ನು ಹೊತ್ತಿಸಿ ಆರಿಸುತ್ತೆ. ಮೊದಲಿನ ಥರ 55 ವ್ಯಾಟಿನ ಎರಡು ಬಲ್ಬ್ ಹಾಕಿದರೆ 9 ಆಂಪಿಯರ್ ಬೇಕಿತ್ತು, ಈಗ ಹೆಚ್ಚುಕಡಿಮೆ ಅರ್ಧ ಸಾಕು. ನಮ್ಮ ರಸ್ತೆಯ ಹಳ್ಳಕೊಳ್ಳಗಳಲ್ಲಿ ಕುಲುಕಾಡಿದರೂ ಎಲ್‌ಇಡಿಗೆ ಬಲ್ಬಿನಂತೆ ತಂತು ತುಂಡಾಗುವ ಭಯವಿಲ್ಲ.

ಸುಮ್ಮನೆ ಉರಿಯುವ ಬದಲು ಮಿನುಗೋದು ಯಾಕೆ? ನಮ್ಮ ಕಣ್ಣು ಒಂದೇ ಸಮ ಇರುವುದನ್ನು ಬೇಗ ಮರೆಯುತ್ತೆ, ಬದಲಾಗುವುದನ್ನು ತಕ್ಷಣ ಹಿಡಿಯುತ್ತೆ. ಕತ್ತಲ ತೋಟದಲ್ಲಿ ಮಿಂಚುಹುಳ ಎಷ್ಟು ಬೇಗ ಕಾಣುತ್ತೆ, ನೋಡಿ.

ಬಣ್ಣದ ಗುಟ್ಟು ಏನು? ಗಾಡಿಗಳ ಹಿಂದಿನ ದೀಪ ಕೆಂಪು, ಇಂಡಿಕೇಟರ್ ಹಳದಿ, ಮುಂದಿನದು ಬಿಳಿ. ರಾತ್ರಿ ಹೆದ್ದಾರಿಯಲ್ಲಿ ಈ ಮೂರು ಬಣ್ಣಗಳೇ ತುಂಬಿರುತ್ತವೆ. ಅವುಗಳ ನಡುವೆ ನೀಲಿ ಬಂದರೆ ಅದು ಬೇರೆ ಏನೋ ಅಂತ ತಕ್ಷಣ ತಿಳಿಯುತ್ತೆ. ಇನ್ನೊಂದು ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಕಣ್ಣಿನೊಳಗೆ ಹಗಲಿಗೆ ಒಂದು ಬಗೆಯ ಕೋಶಗಳು, ಮಬ್ಬುಗತ್ತಲೆಗೆ ಇನ್ನೊಂದು ಬಗೆಯ ಕೋಶಗಳು ಕೆಲಸ ಮಾಡುತ್ತವೆ. ಕತ್ತಲೆಯ ಕೋಶಗಳಿಗೆ ಕೆಂಪು ಸರಿಯಾಗಿ ಕಾಣೋದಿಲ್ಲ, ನೀಲಿ-ಹಸಿರು ಚೆನ್ನಾಗಿ ಕಾಣುತ್ತೆ. ಸಂಜೆ ಹೊತ್ತು ಕೆಂಪು ದಾಸವಾಳ ಕಪ್ಪಾಗಿ ಕಾಣುವಾಗಲೂ ಅದರ ಎಲೆ ಕಾಣುತ್ತಿರುತ್ತೆ. ನಾಳೆ ಸಂಜೆ ಪರೀಕ್ಷಿಸಿ ನೋಡಿ. ಕೆಂಪು, ನೀಲಿ ಎರಡನ್ನೂ ಹಾಕೋದರಿಂದ ಹಗಲು ರಾತ್ರಿ ಎರಡೂ ಹೊತ್ತು ಒಂದಲ್ಲ ಒಂದು ಕಣ್ಣಿಗೆ ಬೀಳುತ್ತೆ.

ಆದರೆ ಬೆಳಕು ಅತಿಯಾದರೂ ತಪ್ಪು. ರಾತ್ರಿ ಎದುರಿನವರ ಕಣ್ಣು ಕೋರೈಸಿದರೆ ಅವರೇ ಬಂದು ಗುದ್ದುತ್ತಾರೆ. ಆದ್ದರಿಂದ ಒಳ್ಳೆಯ ದೀಪದ ಪಟ್ಟಿಗಳಲ್ಲಿ ರಾತ್ರಿ ಹೊತ್ತು ಬೆಳಕು ತಗ್ಗಿಸುವ ಏರ್ಪಾಡು ಇರುತ್ತೆ.

3. ಸೈರನ್ನಿನ ವಿಷಯ

ಫ್ರಾನ್ಸ್ ದೇಶದ ಕಾನ್ಯಾರ್ ದ ಲಾ ತೂರ್ ಎಂಬ ವಿಜ್ಞಾನಿ 1819ರಲ್ಲಿ ಒಂದು ಯಂತ್ರ ಮಾಡಿದ. ತೂತುಗಳಿರುವ ಒಂದು ಬಿಲ್ಲೆಯನ್ನು ತಿರುಗಿಸಿ ಅದರ ಮೂಲಕ ಗಾಳಿ ಊದುವುದು. ತೂತು ಬಂದಾಗ ಗಾಳಿ ಹೊರಗೆ ಬರುತ್ತೆ, ತೂತು ಹೋದಾಗ ನಿಲ್ಲುತ್ತೆ. ಹೀಗೆ ಗಾಳಿ ತುಂಡು ತುಂಡಾಗಿ ಬಂದಾಗ ಸ್ವರ ಹುಟ್ಟುತ್ತೆ. ಬಿಲ್ಲೆ ಜೋರಾಗಿ ತಿರುಗಿದಷ್ಟೂ ಸ್ವರ ಏರುತ್ತೆ. ಈ ಯಂತ್ರ ನೀರಿನೊಳಗೂ ಹಾಡುತ್ತಿತ್ತಂತೆ. ಗ್ರೀಕ್ ಪುರಾಣದಲ್ಲಿ ಸಮುದ್ರದ ನಡುವೆ ಹಾಡಿ ನಾವಿಕರನ್ನು ಸೆಳೆಯುವ ಸೈರನ್ ಎಂಬ ಮಾಯಾವಿನಿಯರಿದ್ದಾರೆ. ಅವರ ಹೆಸರನ್ನೇ ಇದಕ್ಕೆ ಇಟ್ಟ. ಆ ಸೈರನ್ನಿನ ಹಾಡು ಜನರನ್ನು ಹತ್ತಿರ ಕರೆಯುತ್ತಿತ್ತು, ಈಗಿನ ಸೈರನ್ ದೂರ ಸರಿಯಿರಿ ಅನ್ನುತ್ತೆ! ನಮ್ಮ ಪಕ್ಕದ ಕೆಜಿಎಫ್‌ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚುವ ತನಕ ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ.

ಈಗಿನ ಪೊಲೀಸ್ ಗಾಡಿಯಲ್ಲಿ ತಿರುಗುವ ಬಿಲ್ಲೆ ಇಲ್ಲ. ಎಲೆಕ್ಟ್ರಾನಿಕ್ ಡಬ್ಬಿಯೊಂದು ಸ್ವರ ಹುಟ್ಟಿಸುತ್ತೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತೆ, ಮುಂದಿನ ಜಾಲರಿಯ ಹಿಂದಿರುವ ಸ್ಪೀಕರ್ ಅದನ್ನು ಹೊರಗೆ ಬಿಡುತ್ತೆ. ನಮ್ಮೂರ ಜಾತ್ರೆಯ ಮೈಕ್‌ಸೆಟ್ಟಿನ ಕೊಳವೆ ಇದೆಯಲ್ಲ, ಅದರದೇ ತಮ್ಮ ಇದು. ಕೊಳವೆಯ ಬಾಯಿ ಅಗಲವಾಗಿರೋದು ಶಬ್ದವನ್ನು ಮುಂದಕ್ಕೆ ತಳ್ಳೋಕೆ. ದೇವಸ್ಥಾನದ ಕೊಂಬು ಕಹಳೆಗಳಿಗೂ ಇದೇ ಆಕಾರ. ಸ್ಪೀಕರನ್ನು ಟಾಪಿನ ಮೇಲೆ ಇಡುವುದಕ್ಕಿಂತ ಮುಂದೆ ಇಡೋದು ಒಳ್ಳೆಯದು. ಶಬ್ದ ನೇರ ರಸ್ತೆಗೆ ಹೋಗುತ್ತೆ, ಒಳಗೆ ಕೂತ ಪೊಲೀಸರ ಕಿವಿಗೂ ಪೆಟ್ಟು ಕಡಿಮೆ. ಅದೇ ಡಬ್ಬಿಗೆ ಒಂದು ಮೈಕ್ ಕೂಡ ಇರುತ್ತೆ. "ಲಾರಿ ಎಡಕ್ಕೆ ತಗೊಳ್ಳಿ" ಅಂತ ಕೂಗೋದು ಅದರಲ್ಲೇ.

ಸೈರನ್ನಿನ ಕೂಗಿನಲ್ಲಿ ಮುಖ್ಯವಾಗಿ ಎರಡು ಬಗೆ.

ಅ) ನಿಧಾನವಾಗಿ ಏರಿ ಇಳಿಯೋದು. ಇದಕ್ಕೆ ವೇಲ್ ಅನ್ನುತ್ತಾರೆ. ಖಾಲಿ ಹೆದ್ದಾರಿಯಲ್ಲಿ ದೂರದವರಿಗೆ ತಿಳಿಸೋಕೆ ಇದು.

ಆ) "ವಿಂವ್ ವಿಂವ್ ವಿಂವ್" ಅಂತ ಸೆಕೆಂಡಿಗೆ ಸುಮಾರು ಮೂರು ಸಲ ಬೇಗ ಬೇಗ ಏರಿ ಇಳಿಯೋದು. ಇದು ಯೆಲ್ಪ್. ಸರ್ಕಲ್ಲು, ಸಂತೆ, ಗಾಡಿಗಳ ಗುಂಪು ಬಂದಾಗ ಇದಕ್ಕೆ ಬದಲಾಯಿಸುತ್ತಾರೆ.

ಬದಲಾಯಿಸೋದು ಯಾಕೆ? ದೀಪದ ಉತ್ತರವೇ ಇದಕ್ಕೂ. ಒಂದೇ ಸಮನೆ ಬರುವ ಶಬ್ದವನ್ನು ಕಿವಿ ಮರೆಯುತ್ತೆ. ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿ ಸದ್ದು ಕೇಳಿಸೋದೇ ಇಲ್ಲ, ಅದು ನಿಂತಾಗಲೇ "ಏನಾಯ್ತು?" ಅಂತಾರೆ.

ಹತ್ತಿರ ಬರುವಾಗ ಒಂದು ಸ್ವರ, ದಾಟಿಹೋದ ಮೇಲೆ ಇನ್ನೊಂದು ಸ್ವರ ಕೇಳೋದನ್ನು ಗಮನಿಸಿದ್ದೀರಾ? ಆಸ್ಟ್ರಿಯಾ ದೇಶದ ಡಾಪ್ಲರ್ 1842ರಲ್ಲಿ ಇದರ ಕಾರಣ ವಿವರಿಸಿದ. ಗಾಡಿ ನಮ್ಮ ಕಡೆ ಬರುವಾಗ ಶಬ್ದದ ಅಲೆಗಳು ಒತ್ತೊತ್ತಾಗಿ ಬರುತ್ತವೆ, ಹೋಗುವಾಗ ದೂರ ದೂರವಾಗುತ್ತವೆ. ಲೆಕ್ಕ ಹೀಗೆ: ಶಬ್ದದ ವೇಗ ಸೆಕೆಂಡಿಗೆ 340 ಮೀಟರ್. ಗಾಡಿಯ ವೇಗ ಗಂಟೆಗೆ 72 ಕಿ.ಮೀ., ಅಂದರೆ ಸೆಕೆಂಡಿಗೆ 20 ಮೀಟರ್. ಸೈರನ್ 1000 ಹರ್ಟ್ಸ್ ಸ್ವರ ಕೊಟ್ಟರೆ ಎದುರು ನಿಂತವರಿಗೆ 1000 × 340 ÷ 320 = ಸುಮಾರು 1062 ಹರ್ಟ್ಸ್ ಕೇಳುತ್ತೆ. ದಾಟಿಹೋದ ಮೇಲೆ 1000 × 340 ÷ 360 = ಸುಮಾರು 944. ಡಾಪ್ಲರ್ ಹೇಳಿದ್ದು ನಿಜವೇ ಅಂತ 1845ರಲ್ಲಿ ಹಾಲೆಂಡಿನಲ್ಲಿ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ರೈಲಿನ ಮೇಲೆ ಕಹಳೆ ಊದುವವರನ್ನು ಕೂರಿಸಿ ಪರೀಕ್ಷೆ ಮಾಡಿದ. ಇದರಿಂದ ನಮಗೆ ಒಂದು ಉಪಯೋಗ ಇದೆ. ರಾತ್ರಿ ಗಾಡಿ ಕಾಣದಿದ್ದರೂ ಕೂಗಿನ ಸ್ವರ ಇದ್ದಕ್ಕಿದ್ದಂತೆ ಇಳಿದರೆ ಅದು ನಮ್ಮನ್ನು ದಾಟಿತು ಅಂತ ತಿಳಿಯಬಹುದು.

4. ಎಷ್ಟು ದೂರ ಕೇಳುತ್ತೆ?

ನಾವೆಲ್ಲ ಸೈರನ್ ಮೈಲಿಗಟ್ಟಲೆ ಕೇಳುತ್ತೆ ಅಂದುಕೊಂಡಿರುತ್ತೇವೆ. ಊರ ಹೊರಗೆ ನಿಶ್ಶಬ್ದವಾಗಿದ್ದಾಗ ದೂರಕ್ಕೆ ಕೇಳೋದು ನಿಜ. ರಸ್ತೆಯಲ್ಲಿ ಗಾಡಿ ಓಡಿಸುವವನಿಗೆ ಹಾಗಲ್ಲ. ಶಬ್ದದ ಅಳತೆ ಡೆಸಿಬೆಲ್. ದೂರ ಎರಡರಷ್ಟಾದಾಗಲೆಲ್ಲ ಶಬ್ದ 6 ಡೆಸಿಬೆಲ್ ಕಡಿಮೆಯಾಗುತ್ತೆ. 3 ಮೀಟರ್ ದೂರದಲ್ಲಿ 118 ಡೆಸಿಬೆಲ್ ಕೊಡುವ ಸೈರನ್ ತಗೊಳ್ಳಿ.

6 ಮೀಟರಿಗೆ 112
12 ಮೀಟರಿಗೆ 106
24 ಮೀಟರಿಗೆ 100
48 ಮೀಟರಿಗೆ 94
96 ಮೀಟರಿಗೆ 88

ಗಾಜು ಏರಿಸಿದ ಕಾರಿನೊಳಗೆ ಇನ್ನೂ ಸುಮಾರು 30 ಕಡಿಮೆ ಮಾಡಿ. 96 ಮೀಟರ್ ದೂರದಲ್ಲಿ ಒಳಗೆ ಕೇಳೋದು 58. ಒಳಗೆ ಇಂಜಿನ್ ಸದ್ದು, ಫ್ಯಾನ್ ಸದ್ದು, ಸಿನಿಮಾ ಹಾಡು ಸೇರಿ 70ರಷ್ಟು ಇದ್ದರೆ ಸೈರನ್ ಅದರಲ್ಲಿ ಮುಳುಗಿಹೋಯಿತು. 24 ಮೀಟರಿಗೆ ಬಂದಾಗ ಎರಡೂ ಸಮ. ಗಂಟೆಗೆ 72 ಕಿ.ಮೀ. ವೇಗದ ಗಾಡಿಗೆ ನಿಂತ ಕಾರಿನ ತನಕ ಆ 24 ಮೀಟರ್ ದಾಟೋಕೆ ಬೇಕಾಗೋದು ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ!

ಇದು ಸುಮಾರು ಲೆಕ್ಕ, ಗಾಡಿಯಿಂದ ಗಾಡಿಗೆ ವ್ಯತ್ಯಾಸ ಇರುತ್ತೆ. ಆದರೂ ಎರಡು ವಿಷಯ ಗೊತ್ತಾಗುತ್ತೆ. ಒಂದು, ಸೈರನ್ ಇದೆ ಅಂತ ಪೊಲೀಸರಾಗಲಿ, ಆಂಬುಲೆನ್ಸಿನವರಾಗಲಿ ಸರ್ಕಲ್ಲಿನಲ್ಲಿ ನುಗ್ಗುವಂತಿಲ್ಲ, ನಿಧಾನ ಮಾಡಲೇಬೇಕು. ಇನ್ನೊಂದು, ಗಾಡಿ ಓಡಿಸುವವರು ಹಾಡಿನ ಸದ್ದು ತಗ್ಗಿಸಿ, ಪಕ್ಕದ ಕನ್ನಡಿಯನ್ನು ಆಗಾಗ ನೋಡುತ್ತಿರಬೇಕು. ಶಬ್ದ ಮುಟ್ಟದ ಕಡೆಗೂ ಬೆಳಕು ಮುಟ್ಟುತ್ತೆ. ದೀಪ, ಸೈರನ್ ಎರಡೂ ಬೇಕಾಗಿರೋದು ಇದಕ್ಕೇ. ಆಂಬುಲೆನ್ಸಿನ ಮುಂದೆ ಅಕ್ಷರಗಳನ್ನು ತಿರುಗಾಮುರುಗಾ ಬರೆದಿರೋದೂ ಇದಕ್ಕೇ. ಮುಂದಿನ ಗಾಡಿಯವನು ಕನ್ನಡಿಯಲ್ಲಿ ನೋಡಿದಾಗ ಅದು ನೆಟ್ಟಗೆ ಕಾಣುತ್ತೆ.

5. "ಹುಲಿ ಬಂತು ಹುಲಿ"

ಈಗ ನಾನು ಬಹಳ ಮುಖ್ಯ ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ.

ಸುಳ್ಳೇ "ಹುಲಿ ಬಂತು ಹುಲಿ" ಅಂತ ಕೂಗುತ್ತಿದ್ದ ದನ ಕಾಯುವ ಹುಡುಗನ ಕಥೆ ನಿಮಗೆಲ್ಲ ಗೊತ್ತು. ನಿಜವಾಗಿ ಹುಲಿ ಬಂದಾಗ ಯಾರೂ ಓಡಿಬರಲಿಲ್ಲ. ಸೈರನ್ನಿನ ಕಥೆಯೂ ಅದೇ.

ಮಾವಿನ ಕಾಲದಲ್ಲಿ ಒಮ್ಮೆ ನಮ್ಮ ಅಜ್ಜಿಗೆ ಎದೆನೋವು ಬಂದು 108 ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಮ್ಮ ಜೊತೆಯಲ್ಲಿದ್ದರು, ನಾನೂ ಇದ್ದೆ. ಮುಂದೆ ಮಾವಿನ ಕ್ರೇಟು ತುಂಬಿದ ಟ್ರ್ಯಾಕ್ಟರ್. ಎಷ್ಟು ಕೂಗಿದರೂ ಪಕ್ಕಕ್ಕೆ ಸರಿಯಲಿಲ್ಲ. ಬಹಳ ದೂರ ಹಾಗೇ ಅದರ ಹಿಂದೆ ಹೋಗಬೇಕಾಯಿತು. ಕೊನೆಗೆ ದಾರಿ ಸಿಕ್ಕಿದಾಗ ಆಂಬುಲೆನ್ಸ್ ಡ್ರೈವರಣ್ಣ ಕಿಟಕಿಯಿಂದ ಬೈದರು. ಟ್ರ್ಯಾಕ್ಟರಿನವನು ಕೈಮುಗಿದು, "ಅಣ್ಣಾ, ಬೆಳಿಗ್ಗೆಯಿಂದ ಮದುವೆ ಹುಡುಗರ ಜೀಪು ಇದೇ ಥರ ಕೂಗ್ಕೊಂಡು ಓಡಾಡ್ತಾ ಇತ್ತು, ಅದೇ ಅನ್ಕೊಂಡೆ" ಅಂದ. ಅಜ್ಜಿ ಈಗ ಚೆನ್ನಾಗಿದ್ದಾರೆ. ಆದರೆ ಅಮ್ಮ ಅಜ್ಜಿಯ ಕೈ ಹಿಡಿದುಕೊಂಡು ಮುಂದಿನ ಟ್ರೈಲರನ್ನೇ ನೋಡುತ್ತಿದ್ದದ್ದು ನನಗೆ ಮರೆಯೋದಿಲ್ಲ. ಟ್ರ್ಯಾಕ್ಟರಿನವನು ಕೆಟ್ಟವನಲ್ಲ. ಅವನ ನಂಬಿಕೆಯನ್ನು ಆ ಜೀಪು ಬೆಳಿಗ್ಗೆಯೇ ಕದ್ದುಬಿಟ್ಟಿತ್ತು.

ಆದ್ದರಿಂದಲೇ ಕಾನೂನು ಇದನ್ನು ಎಲ್ಲರಿಗೂ ಬಿಟ್ಟಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 119ನೇ ನಿಯಮದ ಪ್ರಕಾರ ನಾನಾ ಸ್ವರದಲ್ಲಿ ಕೂಗುವ ಹಾರನ್ ಸಾಮಾನ್ಯ ಗಾಡಿಗಳಿಗೆ ಇಲ್ಲ. ಆಂಬುಲೆನ್ಸ್, ಅಗ್ನಿಶಾಮಕ, ಕರ್ತವ್ಯದ ಮೇಲಿರುವ ಪೊಲೀಸ್ ಗಾಡಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ದೊಡ್ಡವರ ಕಾರಿನ ಮೇಲಿನ ಕೆಂಪು ದೀಪದ ವಿಷಯವೂ ಹೀಗೆಯೇ. 2013ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ಆ ದೀಪವನ್ನು ಉನ್ನತ ಸಾಂವಿಧಾನಿಕ ಹುದ್ದೆಯಲ್ಲಿರುವವರಿಗೆ ಮಾತ್ರ ಸೀಮಿತ ಮಾಡಿತು. 2017ರ ಮೇ 1ರಿಂದ ಕೇಂದ್ರ ಸರ್ಕಾರ ಅವರಿಗೂ ಬೇಡ ಅಂತ ತೆಗೆದುಹಾಕಿತು. ತುರ್ತು ಕೆಲಸದ ಗಾಡಿಗಳಿಗೆ ಮಾತ್ರ ದೀಪ ಉಳಿಯಿತು. ಅಂದರೆ ಈ ದೀಪ ದೊಡ್ಡಸ್ತಿಕೆಯ ಗುರುತಲ್ಲ. ಯಾರೋ ಕಷ್ಟದಲ್ಲಿದ್ದಾರೆ ಅನ್ನುವ ಗುರುತು.

ದಾರಿ ಬಿಡದವರಿಗೂ ಕಾನೂನಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 194ಇ ಎಂಬ ಹೊಸ ಕಲಂ ಸೇರಿಸಿದರು. ತುರ್ತು ಗಾಡಿಗೆ ದಾರಿ ಬಿಡದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ಆದರೆ ದಂಡಕ್ಕೆ ಹೆದರಿ ದಾರಿ ಬಿಡೋದಕ್ಕಿಂತ, ಒಳಗೆ ನಮ್ಮ ಅಜ್ಜಿಯೇ ಇದ್ದಾರೆ ಅಂದುಕೊಂಡು ಬಿಡೋದು ಮೇಲು.

6. ನಾವು ಮಾಡಬೇಕಾದದ್ದು

ಅ) ಸೈರನ್ ಕೇಳಿದರೆ ಓಡಬೇಡಿ, ರಸ್ತೆ ದಾಟಬೇಡಿ. ಕೂಗು ಯಾವ ಕಡೆಯಿಂದ ಬರುತ್ತಿದೆ ಅಂತ ಕಿವಿ ಎಷ್ಟೋ ಸಲ ತಪ್ಪು ಹೇಳುತ್ತೆ. ನಿಂತು ಎರಡೂ ಕಡೆ ನೋಡಿ.

ಆ) ಸೈಕಲ್ಲಿನಲ್ಲಿದ್ದರೆ ಎಡಕ್ಕೆ ಸರಿದು, ಇಳಿದು ನಿಲ್ಲಿ. ಜೋಡಿ ಜೋಡಿಯಾಗಿ ಮಾತಾಡಿಕೊಂಡು ಹೋಗುತ್ತಿದ್ದರೆ ಒಬ್ಬರ ಹಿಂದೆ ಒಬ್ಬರಾಗಿ.

ಇ) ಒಂದು ಗಾಡಿ ಹೋದ ತಕ್ಷಣ ರಸ್ತೆಗೆ ಇಳಿಯಬೇಡಿ. ಹಿಂದೆಯೇ ಇನ್ನೊಂದು ಬರಬಹುದು.

ಈ) ದನ, ಕುರಿ ರಸ್ತೆಯ ಮೇಲಿದ್ದರೆ ಮೊದಲು ಅವನ್ನು ಒಂದೇ ಕಡೆಗೆ ಹೊಡೆಯಿರಿ. ಎರಡೂ ಕಡೆ ಚೆದುರಿದರೆ ಕಷ್ಟ.

ಉ) ಅಪಾಯವಾದಾಗ ಕರೆಯಬೇಕಾದ ನಂಬರ್ 112. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಇದೇ. ಆಂಬುಲೆನ್ಸಿಗೆ 108 ಕೂಡ ಇದೆ, ನಮ್ಮ ರಾಜ್ಯದಲ್ಲಿ 2008ರಲ್ಲಿ ಶುರುವಾಯಿತು. ಕರೆ ಮಾಡಿದಾಗ ಊರಿನ ಹೆಸರು, ಹೋಬಳಿ, ಹತ್ತಿರದ ದೇವಸ್ಥಾನವೋ ಶಾಲೆಯೋ ಗುರುತು ಹೇಳಿ. ತಮಾಷೆಗೆ ಕರೆ ಮಾಡೋದೂ "ಹುಲಿ ಬಂತು ಹುಲಿ"ಯೇ.

ಊ) ನಮ್ಮ ಮನೆಯ, ಊರಿನ ಗಾಡಿಗಳಿಗೆ ಯಾರಾದರೂ ಸೈರನ್ ಹಾಕಿಸಲು ಹೊರಟರೆ ಬೇಡ ಅನ್ನಿ. ನಮ್ಮ ಮಾವ ಖಾಸಗಿ ಗಾಡಿಗೆ ಎಷ್ಟು ದುಡ್ಡು ಕೊಟ್ಟರೂ ಸೈರನ್ ಹಾಕೋದಿಲ್ಲ.

ಮಾಡಿ ನೋಡಿ

ಕಾನ್ಯಾರ್ ದ ಲಾ ತೂರ್‌ನ ಸೈರನ್ನನ್ನು ನಮ್ಮ ಶಾಲೆಯಲ್ಲೇ ಮಾಡಬಹುದು. ಒಂದು ಗಟ್ಟಿ ರಟ್ಟನ್ನು ಗುಂಡಗೆ ಕತ್ತರಿಸಿ, ಅಂಚಿನ ಹತ್ತಿರ ಒಂದೇ ವೃತ್ತದಲ್ಲಿ ಸಮಾನ ದೂರದಲ್ಲಿ 36 ತೂತು ಮಾಡಿ (10 ಡಿಗ್ರಿಗೆ ಒಂದು, ಕೋನಮಾಪಕ ಉಪಯೋಗಿಸಿ). ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಹಿಂದಿನ ಚಕ್ರದ ಕಡ್ಡಿಗಳಿಗೆ ರಟ್ಟನ್ನು ದಾರದಿಂದ ಬಿಗಿಯಾಗಿ ಕಟ್ಟಿ. ಒಬ್ಬರು ಪೆಡಲ್ ತಿರುಗಿಸಲಿ, ಇನ್ನೊಬ್ಬರು ಎಳನೀರಿನ ಸ್ಟ್ರಾ ಹಿಡಿದು ತೂತುಗಳ ಸಾಲಿಗೆ ಊದಲಿ. ಚಕ್ರ ಸೆಕೆಂಡಿಗೆ 5 ಸುತ್ತು ಸುತ್ತಿದರೆ 36 × 5 = 180 ಹರ್ಟ್ಸ್ ಸ್ವರ. ಜೋರಾಗಿ ತಿರುಗಿಸಿದರೆ ಸ್ವರ ಏರುತ್ತೆ, ನಿಧಾನ ಮಾಡಿದರೆ ಇಳಿಯುತ್ತೆ. ಬೆರಳು, ಮುಖ, ಜಡೆ, ದುಪಟ್ಟಾ ಚಕ್ರಕ್ಕೆ ತಾಗದಂತೆ ಎಚ್ಚರ. ವಿಜ್ಞಾನ ಮೇಷ್ಟ್ರು ಜೊತೆಯಲ್ಲಿದ್ದಾಗ ಮಾತ್ರ ಮಾಡಿ.

ಉತ್ತರ ಹೇಳಿ

1. ಸೈರನ್ 100 ವ್ಯಾಟ್, ದೀಪ 60 ವ್ಯಾಟ್, ಮುಂದಿನ ಎರಡು ಹೆಡ್‌ಲೈಟ್ ತಲಾ 55 ವ್ಯಾಟ್. ಎಲ್ಲಾ ಒಟ್ಟಿಗೆ ಹಾಕಿದರೆ 12 ವೋಲ್ಟ್ ಬ್ಯಾಟರಿಯಿಂದ ಎಷ್ಟು ಆಂಪಿಯರ್?

2. ಅದೇ ಸೈರನ್ 192 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್?

3. ಫ್ಯೂಸನ್ನು ಬ್ಯಾಟರಿಯ ಹತ್ತಿರ ಇಡೋದು ಯಾಕೆ?

ಉತ್ತರಗಳನ್ನು ಚೀಟಿಯಲ್ಲಿ ಬರೆದು, ತರಗತಿ ನಮೂದಿಸಿ, ಗೋಡೆ ಪತ್ರಿಕೆಯ ಡಬ್ಬಿಗೆ ಹಾಕಿ. ಸರಿಯುತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

ಮನೆಗೆ ಹೋದ ಮೇಲೆ ಟ್ರ್ಯಾಕ್ಟರ್, ಟೆಂಪೊ ಓಡಿಸುವ ಅಪ್ಪ, ಅಣ್ಣ, ಚಿಕ್ಕಪ್ಪಂದಿರಿಗೆ ಕನ್ನಡಿ ನೋಡುವ ವಿಷಯವನ್ನು ತಪ್ಪದೆ ಹೇಳಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ